ಎರಡು ಪಂಚೆ, ಮೂರು ಸಂಜೆ, ಒಬ್ಬರು ಕಾರಂತರು

ಸಾಹಿತಿಯ ಜನ್ಮದಿನ ಅಂದರೆ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ವೇದಿಕೆ ಮೇಲೆ ಫೋಟೊ, ಫೋಟೊಗೆ ಹಾರ, ಮೂರು ಭಾಷಣ, ಒಂದು ವಂದನಾರ್ಪಣೆ. ಹಾಜರಾತಿ ಸಿಗುತ್ತದೆಂದು ಬಂದ ನಾವು ಹಿಂದಿನ ಸಾಲಿನಲ್ಲಿ. ಮೊಬೈಲ್‌ನಲ್ಲಿ ಒಂದು ಸ್ಟೇಟಸ್ ಹಾಕಿದರೆ ಆ ವರ್ಷದ ಸಾಹಿತ್ಯ ಸೇವೆ ಮುಗಿಯಿತು.

ಅಕ್ಟೋಬರ್ 10 ಶಿವರಾಮ ಕಾರಂತರ ಜನ್ಮದಿನ. ನಮ್ಮ ದಕ್ಷಿಣ ಕನ್ನಡದಲ್ಲಿ ಆ ದಿನ ಇಂಥ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಕಳೆದ ಸಲ ಸುಳ್ಯ ತಾಲೂಕಿನ ನಮ್ಮ ಊರಿನಲ್ಲಿ ಯುವಕ ಮಂಡಲದ ನಾವು ಏಳೆಂಟು ಜನ ಸೇರಿ ಹಾರ, ಭಾಷಣ ಎರಡನ್ನೂ ಕೈಬಿಟ್ಟೆವು. ಶಾಲೆಯ ಮೈದಾನದಲ್ಲಿ ಪರದೆ ಕಟ್ಟಿ, ಮೂರು ಸಂಜೆ ಮೂರು ಸಿನಿಮಾ ತೋರಿಸಿದೆವು. ಮೂರೂ ಕಾರಂತರ ಕಾದಂಬರಿಗಳನ್ನು ಆಧರಿಸಿದವು: ‘ಬೆಟ್ಟದ ಜೀವ’, ‘ಚೋಮನ ದುಡಿ’, ‘ಮೂಕಜ್ಜಿಯ ಕನಸುಗಳು’. ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ. ಇಷ್ಟೇ ಕಾರ್ಯಕ್ರಮ.

‘ನೀನು ಓದುವುದು ಬಿಇ, ನಿನಗೆ ಯಾಕೆ ಇದೆಲ್ಲ?’ ಎಂದು ಕ್ಲಾಸಿನ ಗೆಳೆಯರು ಕೇಳಿದರು. ಕಾರಂತರ ಬಗ್ಗೆ ಸ್ವಲ್ಪ ಓದಿದರೆ ಈ ಪ್ರಶ್ನೆಯೇ ಬರುವುದಿಲ್ಲ. ಗಾಂಧೀಜಿಯ ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಮನುಷ್ಯ ಅವರು. ಆಮೇಲೆ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು, ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟರು. ಮಕ್ಕಳಿಗಾಗಿ ‘ಬಾಲಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ ಎಂಬ ವಿಶ್ವಕೋಶಗಳನ್ನೂ ಬರೆದರು. ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾ ತಯಾರಿಕೆಗೆ ಕೈಹಾಕಿದ್ದರು. ವಿಷಯಗಳ ನಡುವೆ ಬೇಲಿ ಹಾಕಿಕೊಳ್ಳದ ಇಂಥವರ ಹೆಸರಿನ ಕಾರ್ಯಕ್ರಮಕ್ಕೆ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯೊಬ್ಬ ವೈರು ಎಳೆದರೆ ತಪ್ಪೇನು?

ಪಂಚೆಯ ಪರದೆ, ಇನ್ವರ್ಟರಿನ ಕರೆಂಟು

ಮೊದಲು ಲೆಕ್ಕಾಚಾರ. ನಮಗೆ ಸಿಕ್ಕಿದ್ದು ತರಗತಿಯಲ್ಲಿ ಬಳಸುವ 3,000 ಲ್ಯೂಮೆನ್ಸ್‌ನ ಪ್ರೊಜೆಕ್ಟರ್. ‘ಆದಷ್ಟು ದೊಡ್ಡ ಪರದೆ ಹಾಕುವ’ ಎನ್ನುವುದು ಎಲ್ಲರ ಆಸೆ. ಆದರೆ ಪರದೆಯ ಅಗಲ ಎರಡು ಪಟ್ಟಾದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಿ ಚಿತ್ರ ಮಂಕಾಗುತ್ತದೆ. 4 ಮೀಟರ್ ಉದ್ದದ ಎರಡು ಬಿಳಿ ಪಂಚೆಗಳನ್ನು ಒಂದರ ಕೆಳಗೊಂದು ಜೋಡಿಸಿ ಹೊಲಿಸಿದೆವು. ಬೆಳಕು ಆಚೆ ದಾಟದಂತೆ ಹಿಂದೆ ಇನ್ನೊಂದು ಬಟ್ಟೆ ಕೊಟ್ಟೆವು. ಸುಮಾರು 10 ಚದರ ಮೀಟರಿನ ಪರದೆ, ಕತ್ತಲಾದ ಮೇಲೆ ಧಾರಾಳ ಸಾಕು. ಹೊಲಿಗೆ ಮಾತ್ರ ಕೆಲವು ದೃಶ್ಯಗಳಲ್ಲಿ ಸರಿಯಾಗಿ ನಟರ ಮೂಗಿನ ಮೇಲೆ ಬರುತ್ತಿತ್ತು.

ದೂರ ಕೂತವರಿಗೆ ಕೇಳಲಿ ಎಂದು ಹಿಂದೆ ಒಂದು ಸ್ಪೀಕರ್ ಇಡಲು ಮಂಡಲದ ಅಣ್ಣಂದಿರು ಹೊರಟಿದ್ದರು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 20 ಮೀಟರ್ ಹಿಂದೆ ಕೂತವರಿಗೆ ಮುಂದಿನ ಸ್ಪೀಕರಿನ ಮಾತು 0.06 ಸೆಕೆಂಡ್ ತಡವಾಗಿ ತಲುಪಿ, ಪ್ರತಿ ಮಾತೂ ಎರಡೆರಡು ಸಲ ಹೇಳಿದ ಹಾಗಾಗುತ್ತದೆ. ಹಾಗಾಗಿ ಎರಡೂ ಸ್ಪೀಕರ್ ಪರದೆಯ ಆಚೀಚೆಗೇ ಬಂದವು. ಸೆಮಿಸ್ಟರ್ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಉತ್ತರ ಊರಿನ ಉಪಯೋಗಕ್ಕೆ ಬಿದ್ದದ್ದು ನನಗೆ ಅದೇ ಮೊದಲು.

ಅಕ್ಟೋಬರ್ ಸಂಜೆಯ ಗುಡುಗು ಮಳೆ ನಮ್ಮಲ್ಲಿ ಹೇಳಿ ಕೇಳಿ ಬರುವುದಿಲ್ಲ. ಗುಡುಗಿದರೆ ಕರೆಂಟು ಹೋಯಿತೆಂದೇ ಲೆಕ್ಕ. ಪಕ್ಕದ ಮನೆಯಿಂದ 150 ಎಎಚ್ ಬ್ಯಾಟರಿಯ ಇನ್ವರ್ಟರ್ ತಂದಿಟ್ಟೆವು. ಪ್ರೊಜೆಕ್ಟರ್, ಆ್ಯಂಪ್ಲಿಫಯರ್ ಸೇರಿ 450 ವಾಟ್ ಎಂದರೂ ಎರಡು ಗಂಟೆ ತಳ್ಳಬಹುದು. ಪ್ರೊಜೆಕ್ಟರ್ ಇಟ್ಟದ್ದು ಶಾಲೆಯ ಜಗಲಿಯಲ್ಲಿ, ಮೇಲೆ ಮಾಡು ಇತ್ತು.

ಇದೆಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಅನುಮತಿ. ಯೂಟ್ಯೂಬ್‌ನಲ್ಲಿ ಇದ್ದರೆ ಯಾರು ಬೇಕಾದರೂ ಸಾರ್ವಜನಿಕವಾಗಿ ತೋರಿಸಬಹುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಿಲ್ಲ. ನಮ್ಮ ಕಾನೂನಿನ ಪ್ರಕಾರ ಸಿನಿಮಾದ ಹಕ್ಕುಸ್ವಾಮ್ಯ ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. 1975ರ ‘ಚೋಮನ ದುಡಿ’ಗೂ 2035ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು, ಟಿಕೆಟ್ ಇಲ್ಲದಿದ್ದರೂ. ಹಕ್ಕು ಯಾರದ್ದೆಂದು ಪತ್ತೆ ಮಾಡಿ, ಪತ್ರ ಬರೆದು, ಫೋನ್ ಮಾಡಿ ಒಪ್ಪಿಗೆ ತರುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ‘ಹಳ್ಳಿ ಶಾಲೆ, ಟಿಕೆಟ್ ಇಲ್ಲ, ಕಾರಂತರ ಹುಟ್ಟುಹಬ್ಬ’ ಎಂದಾಗ ಯಾರೂ ಇಲ್ಲವೆನ್ನಲಿಲ್ಲ.

ಮೊದಲ ಸಂಜೆ: ಕಾಯುವವರ ಕತೆ

‘ಬೆಟ್ಟದ ಜೀವ’ದಿಂದ ಶುರು ಮಾಡಿದ್ದಕ್ಕೆ ಕಾರಣವಿತ್ತು. ಅದು ನಮ್ಮದೇ ಸೀಮೆಯ ಕತೆ. 1943ರ ಈ ಕಾದಂಬರಿ ನಡೆಯುವುದು ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ, ಕುಮಾರಪರ್ವತದ ಬುಡದಲ್ಲಿ. ಕಾಡಿನ ನಡುವೆ ಅಡಿಕೆ ತೋಟ ಮಾಡಿಕೊಂಡ ಗೋಪಾಲಯ್ಯ, ಶಂಕರಿ ಎಂಬ ಮುದುಕ ಮುದುಕಿ. ಮನೆ ಬಿಟ್ಟು ಹೋದ ಮಗನ ದಾರಿ ಕಾಯುತ್ತಾರೆ, ದಾರಿ ತಪ್ಪಿ ಬಂದ ಅಪರಿಚಿತನನ್ನು ಮಗನಂತೆ ಉಪಚರಿಸುತ್ತಾರೆ. ಪಿ. ಶೇಷಾದ್ರಿ ನಿರ್ದೇಶನದ ಚಿತ್ರದಲ್ಲಿ ಗೋಪಾಲಯ್ಯನಾದವರು ದತ್ತಣ್ಣ. ಪರಿಸರ ಸಂರಕ್ಷಣೆಯ ಕುರಿತ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ.

ಮೊದಲ ಸಾಲಿನಲ್ಲಿ ಕೂತವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಅವರ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಸಿನಿಮಾ ಮುಗಿದ ಮೇಲೆ ನಿವೃತ್ತ ಮಾಸ್ಟ್ರು ಒಬ್ಬರು ‘ಯಾರಾದರೂ ಮಾತಾಡಿ’ ಅಂದರು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಒಬ್ಬರು ಅಜ್ಜ, ‘ಗೋಪಾಲಯ್ಯನಿಗೆ ಮಗನ ಒಂದು ಕಾಗದವೂ ಇರಲಿಲ್ಲ. ನಮಗೆ ದಿನಾ ವಿಡಿಯೊ ಕಾಲ್ ಉಂಟಲ್ಲ!’ ಅಂದರು. ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಅವರ ಹೆಂಡತಿ ಮೆಲ್ಲನೆ, ‘ಕಾಲ್ ಕಟ್ ಆದ ಮೇಲೆ ಮನೆಯಲ್ಲಿ ನಾವಿಬ್ಬರೇ’ ಅಂದಾಗ ಯಾರೂ ನಗಲಿಲ್ಲ.

ನಮ್ಮ ಮನೆಯಲ್ಲೂ ಎರಡು ಎಕರೆ ಅಡಿಕೆ ಇದೆ. ಹಳದಿ ಎಲೆ ರೋಗ ಬಂದು ಮರಗಳು ಒಂದೊಂದಾಗಿ ಸೊರಗುತ್ತಿವೆ. ಮುಂದಿನ ವರ್ಷ ನನಗೆ ಕ್ಯಾಂಪಸ್ ಸಂದರ್ಶನಗಳು. ಕೆಲಸ ಸಿಕ್ಕಿದರೆ ಊರು ಬಿಡಬೇಕು. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆ ರಾತ್ರಿ ಟಾರ್ಚ್ ಹಿಡಿದು ಮನೆಗೆ ನಡೆಯುವಾಗ ಅಪ್ಪ ತಾವಾಗಿಯೇ ಮಾತು ತೆಗೆದರು. ‘ಗೋಪಾಲಯ್ಯ ತೋಟ ಮಾಡಿದ್ದು ಮಗ ಬರ್ತಾನೆ ಅಂತ ಅಲ್ಲ ಮಾರಾಯ. ಅವನಿಗೆ ಆ ಕೆಲಸವೇ ಇಷ್ಟ ಇತ್ತು. ಮಗ ಬಾರದ್ದು ಬೇರೆ ದುಃಖ. ಎರಡನ್ನು ಒಟ್ಟು ಮಾಡ್ಬಾರ್ದು.’ ನನ್ನ ಕೆಲಸ, ಅವರ ತೋಟ ಎಂಬ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲ ಸಲ. ಎದುರುಬದುರು ಕೂತು ಕೇಳಲಾಗದ್ದನ್ನು ಗೋಪಾಲಯ್ಯನ ನೆಪದಲ್ಲಿ ಕೇಳಬಹುದು, ಹೇಳಬಹುದು.

ಎರಡನೇ ಸಂಜೆ: ಡಿಕ್ಲರೇಶನ್ ಕೊಡದವರು

ಮೊದಲ ಸಂಜೆ ಇನ್ನೊಂದು ಸಂಗತಿಯೂ ಕಂಡಿತ್ತು. ಕಾಲೊನಿಯಿಂದ ಬಂದವರಲ್ಲಿ ಕೆಲವರು ಕುರ್ಚಿ ಖಾಲಿ ಇದ್ದರೂ ಕಾಂಪೌಂಡಿನ ಬದಿಯಲ್ಲೇ ನಿಂತು ನೋಡಿ ಹೋಗಿದ್ದರು. ಎರಡನೇ ಸಂಜೆ ಕುರ್ಚಿಗಳನ್ನೇ ತೆಗೆದು ಮೈದಾನದ ತುಂಬ ಚಾಪೆ, ಟಾರ್ಪಾಲು ಹಾಸಿದೆವು. ಕೂರಲಾಗದ ಹಿರಿಯರಿಗೆ ಮಾತ್ರ ಬೆಂಚು, ಅದೂ ಎಲ್ಲರಿಗೂ ಸೇರಿ ಒಂದೇ ಸಾಲು. ಮನೆ ಮನೆಗೆ ಹೋಗಿ ಕರೆದೂ ಬಂದೆವು.

‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಸಿನಿಮಾ ಮಾಡಿದವರು ಬಿ.ವಿ. ಕಾರಂತ, ಅವರೂ ನಮ್ಮ ಜಿಲ್ಲೆಯವರೇ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ, ಶಿವರಾಮ ಕಾರಂತರಿಗೆ ಅತ್ಯುತ್ತಮ ಕತೆ ಪ್ರಶಸ್ತಿಗಳು ಬಂದವು. ಕತೆ ಹಲವರಿಗೆ ಗೊತ್ತು. ಚೋಮನ ಬಳಿ ಒಂದು ಜೊತೆ ಎತ್ತು ಇದೆ, ಉಳಲು ಭೂಮಿ ಇಲ್ಲ. ಅಸ್ಪೃಶ್ಯನೆಂಬ ಕಾರಣಕ್ಕೆ ಅವನಿಗೆ ಬೇಸಾಯದ ಹಕ್ಕಿಲ್ಲ. ಒಡೆಯನ ಮನಸ್ಸು ಸ್ವಲ್ಪ ಕರಗಿದರೂ ಒಡೆಯನ ತಾಯಿ ಒಪ್ಪುವುದಿಲ್ಲ. ಸಾಲ, ಕಾಫಿ ತೋಟದ ದುಡಿಮೆ, ಜ್ವರ. ಒಬ್ಬೊಬ್ಬರಾಗಿ ಮಕ್ಕಳು ಕೈತಪ್ಪುತ್ತಾರೆ. ಹೊಳೆಯಲ್ಲಿ ಮುಳುಗುವ ಹುಡುಗನನ್ನು ಮುಟ್ಟಿ ಎಳೆಯಲು ಜನ ಮುಂದೆ ಬರುವುದಿಲ್ಲ. ಎಲ್ಲ ನೋವಿಗೂ ಚೋಮನಿಗೆ ಇರುವುದು ದುಡಿ ಒಂದೇ.

ಅರ್ಧದಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ಹಿಡಿಯಿತು. ಊರಿಡೀ ಕತ್ತಲು, ಪರದೆಯಲ್ಲಿ ಕಪ್ಪು ಬಿಳುಪಿನ ಚೋಮ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ದುಡಿಯ ಸದ್ದು ಕೇಳಿ ಒಳಗೆ ಬಂದು, ಕೊನೆಯವರೆಗೆ ನಿಂತೇ ನೋಡಿದರು.

ಮಾತುಕತೆಯಲ್ಲಿ ಮೊದಲು ಎದ್ದವರು ಕಾಲೊನಿಯ ಒಬ್ಬರು ಅಜ್ಜ, ಎಪ್ಪತ್ತು ದಾಟಿದವರು. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಈ ಸಿನಿಮಾ ಬಂದ ಸಮಯದಲ್ಲೇ ಊರಲ್ಲಿ ಎಲ್ಲರೂ ಡಿಕ್ಲರೇಶನ್ ಕೊಟ್ಟದ್ದು. ಗೇಣಿಯವರೆಲ್ಲ ಧಣಿಗಳಾದರು. ನಮ್ಮ ಅಪ್ಪನಿಗೆ ಡಿಕ್ಲರೇಶನ್ ಕೊಡಲಿಕ್ಕೆ ಎಂತ ಇತ್ತು? ಗೇಣಿಯೇ ಇರಲಿಲ್ಲ. ನಾವು ಕೂಲಿಯವರು. ಚೋಮ ಆಗ ಬದುಕಿದ್ದರೂ ಅವನಿಗೆ ಭೂಮಿ ಸಿಗ್ತಿರಲಿಲ್ಲ.’

ನಮ್ಮ ವಯಸ್ಸಿನವರಿಗೆ ಈ ಮಾತು ಬಿಡಿಸಿ ಹೇಳಬೇಕು. ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂದು ಪ್ರಸಿದ್ಧವಾದದ್ದು ಅದೇ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯ ಮಂಡಳಿ ವಿಚಾರಣೆ ನಡೆಸಿ ಭೂಮಿಯ ಹಕ್ಕು ಕೊಡುತ್ತಿತ್ತು. ಆ ಅರ್ಜಿಯೇ ನಮ್ಮ ಕಡೆಯವರ ಬಾಯಲ್ಲಿ ‘ಡಿಕ್ಲರೇಶನ್’. ಕರಾವಳಿಯಲ್ಲಿ ಗೇಣಿ ಪದ್ಧತಿ ವ್ಯಾಪಕವಾಗಿದ್ದುದರಿಂದ ಸಾವಿರಾರು ಮನೆಗಳ ಹಣೆಬರಹ ಬದಲಾಯಿತು. ಆದರೆ ಗೇಣಿಯೂ ಇಲ್ಲದೆ ಬರೀ ಮೈ ದುಡಿಸಿದವರು ಅರ್ಜಿ ಹಾಕುವುದಾದರೂ ಯಾವ ಭೂಮಿಗೆ?

ನಮ್ಮ ಮನೆಯ ಎರಡು ಎಕರೆ ಡಿಕ್ಲರೇಶನ್‌ನಲ್ಲಿ ಬಂದದ್ದು. ಮಾತಾಡಿದ ಆ ಅಜ್ಜ ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು. ಎರಡೂ ನನಗೆ ಗೊತ್ತಿದ್ದ ವಿಷಯಗಳೇ. ಅವೆರಡನ್ನು ಪಕ್ಕ ಪಕ್ಕ ಇಟ್ಟು ನೋಡುವಂತೆ ಮಾಡಿದ್ದು ಆ ಸಂಜೆ. ರಾತ್ರಿ ಮನೆಗೆ ಬಂದು ಅಪ್ಪ ಕಪಾಟಿನಿಂದ ಹಳೆಯ ಆದೇಶದ ಪ್ರತಿ ತೆಗೆದು ತೋರಿಸಿದರು. ಮಡಿಕೆಗಳಲ್ಲಿ ಹರಿದ ಕಾಗದ. ‘ನಮಗೆ ಸಿಕ್ಕಿತು’ ಎಂದಷ್ಟೇ ಹೇಳಿ ವಾಪಸ್ ಇಟ್ಟರು.

ಮೈದಾನದಲ್ಲಿ ಮಾತು ಅಲ್ಲಿಗೆ ನಿಂತಿರಲಿಲ್ಲ. ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯನೊಬ್ಬ ಡಿಪ್ಲೊಮಾ ಮುಗಿಸಿ ವರ್ಷದಿಂದ ಕೆಲಸ ಹುಡುಕುತ್ತಿದ್ದಾನೆ. ಅವನೂ ಕಾಲೊನಿಯವನೇ. ‘ಚೋಮನಿಗೆ ಎತ್ತು ಇತ್ತು, ಭೂಮಿ ಇರಲಿಲ್ಲ. ನನ್ನ ಹತ್ತಿರ ಸರ್ಟಿಫಿಕೇಟ್ ಉಂಟು, ಕೆಲಸ ಇಲ್ಲ. ವ್ಯತ್ಯಾಸ ಎಂತ?’ ಅಂದ. ನಮ್ಮಂಥ ಹುಡುಗರೆಲ್ಲ ಚಪ್ಪಾಳೆ ಹೊಡೆದೆವು. ಅವನ ಸೋದರತ್ತೆ ಕೂತಲ್ಲಿಂದಲೇ ಉತ್ತರ ಕೊಟ್ಟರು: ‘ವ್ಯತ್ಯಾಸ ಉಂಟು ಮಗಾ. ನಿನಗೆ ಕೆಲಸ ಸಿಗ್ಲಿಲ್ಲ. ಅವನಿಗೆ ಕೇಳ್ಲಿಕ್ಕೇ ಬಿಡ್ಲಿಲ್ಲ. ನೀನು ನಾಳೆ ಇನ್ನೊಂದು ಅರ್ಜಿ ಹಾಕು.’ ಚಪ್ಪಾಳೆ ನಿಂತಿತು. ಗೆಳೆಯ ತಲೆ ಕೆರೆದುಕೊಂಡು, ‘ಹಾಕಿದ್ದೇನೆ ಅತ್ತೆ, ಇಂಟರ್‌ವ್ಯೂನಲ್ಲಿ ಮನೆ ಎಲ್ಲಿ ಅಂತ ಕೇಳ್ತಾರೆ’ ಎಂದ. ಅದಕ್ಕೆ ಅತ್ತೆಯ ಹತ್ತಿರವೂ ಉತ್ತರ ಇರಲಿಲ್ಲ, ನಮ್ಮ ಹತ್ತಿರವೂ ಇರಲಿಲ್ಲ.

ಮೂರನೇ ಸಂಜೆ: ಅಜ್ಜಿಯರ ಸರದಿ

‘ಮೂಕಜ್ಜಿಯ ಕನಸುಗಳು’ ಕಾರಂತರಿಗೆ ಜ್ಞಾನಪೀಠ ತಂದ ಕಾದಂಬರಿ. 2019ರ ಸಿನಿಮಾ ಕೂಡ ಶೇಷಾದ್ರಿ ಅವರದ್ದೇ, ಮೂಕಜ್ಜಿಯಾಗಿ ಬಿ. ಜಯಶ್ರೀ. ಚಿಕ್ಕಂದಿನಲ್ಲೇ ವಿಧವೆಯಾದ ಅಜ್ಜಿ. ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ದೇವರು, ಧರ್ಮ, ಗಂಡು ಹೆಣ್ಣಿನ ಸಂಬಂಧ ಯಾವುದರ ಬಗ್ಗೆಯೂ ಮೊಮ್ಮಗ ಸುಬ್ಬರಾಯನ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡುತ್ತಾಳೆ.

ಆ ದಿನ ಹೆಂಗಸರೇ ಹೆಚ್ಚು. ದೇವರ ಕುರಿತ ಮಾತು ಬಂದಾಗ ಒಬ್ಬರು ಎದ್ದು ಹೋದರು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಸಿಕ್ಕಿ ಅರ್ಧ ಗಂಟೆ ನಮ್ಮೊಡನೆ ವಾದ ಮಾಡಿದರು. ಅಷ್ಟಾದರೂ ಆಯಿತಲ್ಲ ಎಂದು ನನಗೆ ಖುಷಿ. ಹಾರ ಹಾಕಿದ ಫೋಟೊದ ಜೊತೆ ಯಾರೂ ಜಗಳವಾಡುವುದಿಲ್ಲ. ಇನ್ನೊಬ್ಬರು ಅಜ್ಜಿ ಹೇಳಿದ್ದು ಒಂದೇ ಮಾತು: ‘ಅವಳು ಹೇಳಿದ್ದನ್ನೆಲ್ಲ ನಾನೂ ಯೋಚನೆ ಮಾಡಿದ್ದೆ. ಕೇಳುವ ಸುಬ್ಬರಾಯ ಇರಲಿಲ್ಲ.’

ಹೊಸತೇನೂ ಅಲ್ಲ

ಹಳ್ಳಿಯವರಿಗೆ ಇಂಥ ಸಿನಿಮಾ ಅರ್ಥವಾಗುತ್ತದೆಯೇ ಎಂದು ಅನುಮಾನಪಟ್ಟವರಿದ್ದರು. ಈ ಪ್ರಶ್ನೆಗೆ ಉತ್ತರ ಸಿಕ್ಕಿ ಐವತ್ತು ವರ್ಷವಾಗಿದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’ನಂಥ ಚಿತ್ರಗಳನ್ನು ಅಡಿಕೆ ತೋಟದ ಜನ ಕೂತು ನೋಡಿದರು, ಚರ್ಚಿಸಿದರು. ಇಟಲಿಯ ಸೈಕಲ್ಲಿನ ಕತೆ ಹೆಗ್ಗೋಡಿಗೆ ಅರ್ಥವಾಗುವುದಾದರೆ ಚೋಮನ ಎತ್ತಿನ ಕತೆ ನಮ್ಮೂರಿಗೆ ಅರ್ಥವಾಗದೆ ಇರುತ್ತದೆಯೇ?

ಸಿನಿಮಾ ನೋಡಿದರೆ ಪುಸ್ತಕ ಓದುವುದು ತಪ್ಪುತ್ತದೆ ಎಂಬ ದೂರೂ ಇದೆ. ನಮ್ಮಲ್ಲಿ ಆದದ್ದು ತಿರುಗುಮುರುಗು. ಪಂಚಾಯತ್ ಗ್ರಂಥಾಲಯದಲ್ಲಿ ‘ಚೋಮನ ದುಡಿ’ಯ ಪ್ರತಿ ಇದ್ದದ್ದು ಒಂದೇ. ಸಿನಿಮಾದ ಮರುವಾರದಿಂದ ಅದಕ್ಕೆ ಸರದಿ ಶುರುವಾಯಿತು. ನನ್ನ ಡಿಪ್ಲೊಮಾ ಗೆಳೆಯ ಎರಡೇ ದಿನದಲ್ಲಿ ಓದಿ ಮುಗಿಸಿ, ಸಿನಿಮಾದಲ್ಲಿ ಏನೇನು ಬಿಟ್ಟಿದ್ದಾರೆ ಎಂದು ನನಗೆ ಪಟ್ಟಿ ಕಳಿಸಿದ.

ನಿಮ್ಮೂರಲ್ಲೂ ಮಾಡಿ

ಪ್ರತಿ ಜಿಲ್ಲೆಗೂ ಅದರದ್ದೇ ಕಾದಂಬರಿಕಾರರಿದ್ದಾರೆ, ಅವರ ಕಾದಂಬರಿಗಳ ಸಿನಿಮಾಗಳೂ ಇವೆ. ಚಿತ್ರದುರ್ಗದವರಿಗೆ ತ.ರಾ.ಸು. ಅವರ ‘ಹಂಸಗೀತೆ’, ‘ನಾಗರಹಾವು’. ಮೈಸೂರಿನವರಿಗೆ ತ್ರಿವೇಣಿಯವರ ‘ಶರಪಂಜರ’. ಮಲೆನಾಡಿಗೆ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’. ಹಾಸ್ಟೆಲಿನ ಟೆರೇಸು, ಶಾಲೆಯ ಜಗಲಿ, ದೇವಸ್ಥಾನದ ಎದುರಿನ ಗದ್ದೆ, ಎಲ್ಲಿ ಬೇಕಾದರೂ ಆಗುತ್ತದೆ.

ಕೆಲವು ಮಾತು ನೆನಪಿಡಿ. ಹಕ್ಕುದಾರರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ಬೇಕು, ರಾತ್ರಿ 10ರ ನಂತರ ಹಾಕುವಂತಿಲ್ಲ, ಆದ್ದರಿಂದ ಆರೂವರೆಗೇ ಶುರು ಮಾಡಿ. ಹಿಂದಿನ ದಿನವೇ ಅದೇ ಜಾಗದಲ್ಲಿ, ಅದೇ ಕತ್ತಲಲ್ಲಿ ಹತ್ತು ನಿಮಿಷ ಓಡಿಸಿ ನೋಡಿ. ಅತಿಥಿಗಳನ್ನು ಕರೆಯಬೇಡಿ, ಕರೆದರೆ ಭಾಷಣ ಬರುತ್ತದೆ. ಸಜ್ಜಿಗೆ ಅವಲಕ್ಕಿ, ಚಾ ಇದ್ದರೆ ಜನ ಮಾತುಕತೆಗೂ ಉಳಿಯುತ್ತಾರೆ. ಮೈಕನ್ನು ಮೊದಲು ಹಿಂದಿನ ಸಾಲಿಗೆ ಕೊಡಿ. ಯಾರು ಎಲ್ಲಿ ಕೂತಿದ್ದಾರೆ, ಯಾರು ಇನ್ನೂ ನಿಂತೇ ಇದ್ದಾರೆ ಎಂದು ಒಮ್ಮೆ ಕಣ್ಣಾಡಿಸಿ. ಕಾದಂಬರಿಯ ಅರ್ಧ ವಿಷಯ ಅಲ್ಲೇ ಇರುತ್ತದೆ.

ಪ್ರೊಜೆಕ್ಟರ್ ಎಲ್ಲಿಂದಾದರೂ ಸಿಗುತ್ತದೆ, ಪಂಚೆ ಎಲ್ಲರ ಮನೆಯಲ್ಲೂ ಇದೆ. ತಡವಾಗುವುದು ಅನುಮತಿ ಮಾತ್ರ. ಆ ಪತ್ರವನ್ನು ಈ ವಾರವೇ ಬರೆದುಬಿಡಿ.